ಅಪ್ಪ ಅಮ್ಮ ಊರಿಂದ ಬರ್ತಿದ್ದಾರೆ, ಇಂಗ್ಲೆಂಡಿನ ಹಳ್ಳಿ ಪಬ್ ನೋಡಬೇಕಂತೆ. ಎಲ್ಲಿಗೆ ಕರೆದುಕೊಂಡು ಹೋಗಲಿ?

ತೆಂಗಿನಗರಿ (ರೀಡಿಂಗ್)

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ತಿಪಟೂರಿನಿಂದ ಅಪ್ಪ ಅಮ್ಮ ಬರುತ್ತಿದ್ದಾರೆ. ಮೂರು ತಿಂಗಳು ಇರುತ್ತಾರೆ. ಅರಮನೆ, ಮ್ಯೂಸಿಯಂ, ಥೇಮ್ಸ್ ದಂಡೆಯ ಬಸವಣ್ಣನ ಪ್ರತಿಮೆ ಎಲ್ಲ ಪಟ್ಟಿ ಮಾಡಿ ಆಗಿದೆ. ಆದರೆ ಅಪ್ಪ ಫೋನಿನಲ್ಲಿ ಬಾಯಿಬಿಟ್ಟು ಕೇಳಿದ್ದು ಒಂದೇ. "ಆ ಹಳ್ಳಿ ಕಡೆ ಹಳೇ ಪಬ್ ಇರ್ತವಲ್ಲ, ಅದರೊಳಗೆ ಒಂದ್ಸಲ ಹೋಗಿ ಕೂರಬೇಕು ಕಣಪ್ಪ."

ಅಪ್ಪ ಹೈಸ್ಕೂಲಿನಲ್ಲಿ ಇತಿಹಾಸದ ಮೇಷ್ಟ್ರಾಗಿದ್ದವರು. ಕುಡಿಯುವವರಲ್ಲ. ತಿಪಟೂರಿನಲ್ಲಿ ಬಾರ್ ಇರೋ ಬೀದಿಯಲ್ಲಿ ನಡೆಯುವಾಗಲೂ ಆ ಕಡೆ ಫುಟ್‌ಪಾತಿಗೆ ದಾಟಿಬಿಡುತ್ತಿದ್ದರು. ಅಮ್ಮ ಮೊಟ್ಟೆ ಕೂಡ ಮುಟ್ಟಲ್ಲ. "ನಾನು ಕಾರಲ್ಲೇ ಕೂತಿರ್ತೀನಿ, ನೀವು ಹೋಗ್ಬನ್ನಿ" ಅಂತ ಈಗಲೇ ಹೇಳಿದ್ದಾರೆ. ನಾನು ಇಲ್ಲಿಗೆ ಬಂದು ಆರು ವರ್ಷ ಆಯಿತು. ಆಫೀಸಿನವರ ಜೊತೆ ಊರೊಳಗಿನ ಪಬ್‌ಗೆ ಹೋಗಿದ್ದು ಬಿಟ್ಟರೆ ನನಗೂ ಜಾಸ್ತಿ ಗೊತ್ತಿಲ್ಲ. ನಿಮಗೆ ಇಷ್ಟವಾದ ಹಳ್ಳಿ ಪಬ್ ಯಾವುದು? ಅಮ್ಮನನ್ನು ಕಾರಿನಿಂದ ಇಳಿಸೋದು ಹೇಗೆ?

ಒಗ್ಗರಣೆ (ಹ್ಯಾರೋ)

ಬಡಪಾಯಿ ಅಮ್ಮನಿಗೆ ಯಾಕೆ ಈ ಕಷ್ಟ ಕೊಡುತ್ತೀರಿ? ಹ್ಯಾಮರ್‌ಸ್ಮಿತ್‌ನ ಕಿಂಗ್ ಸ್ಟ್ರೀಟಿನಲ್ಲಿ ಸಾಗರ್ ಇದೆ. ಉಡುಪಿ ಕಡೆಯ ಅಡುಗೆ, ಪೂರ್ತಿ ಸಸ್ಯಾಹಾರಿ. ಇಲ್ಲವೇ ಯೂಸ್ಟನ್ ಸ್ಟೇಷನ್ ಪಕ್ಕದ ಡ್ರಮಂಡ್ ಸ್ಟ್ರೀಟಿಗೆ ಕರೆದುಕೊಂಡು ಹೋಗಿ. ಅಲ್ಲಿನ ಭೇಲ್‌ಪೂರಿ ಹೋಟೆಲುಗಳು 1970ರ ದಶಕದಿಂದ ಇವೆ. ದೋಸೆ ತಿನ್ನಿಸಿ, ಕಾಫಿ ಕುಡಿಸಿ, ಮನೆಗೆ ಕರೆದುಕೊಂಡು ಬನ್ನಿ. ಸ್ಟ್ರ್ಯಾಂಡ್ ರಸ್ತೆಯ ಇಂಡಿಯಾ ಕ್ಲಬ್ ಅನ್ನೋ ಹಳೇ ಹೋಟೆಲು ಇದ್ದಿದ್ದರೆ ಅಲ್ಲಿಗೇ ಹೋಗಿ ಅನ್ನುತ್ತಿದ್ದೆ. ನಿಮ್ಮಪ್ಪನಿಗೆ ಇತಿಹಾಸವೂ ಸಿಗುತ್ತಿತ್ತು, ಅಮ್ಮನಿಗೆ ಮಸಾಲೆ ದೋಸೆಯೂ ಸಿಗುತ್ತಿತ್ತು. 2023ರ ಸೆಪ್ಟೆಂಬರ್‌ನಲ್ಲಿ ಮುಚ್ಚಿಹೋಯಿತು. ಆ ಮೆಟ್ಟಿಲು ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಮಲ್ನಾಡ್ ಮಳೆ (ಕೆಂಡಲ್)

ಒಗ್ಗರಣೆ ಅಣ್ಣ, ತಿಪಟೂರಿನವರನ್ನು ಐದು ಸಾವಿರ ಮೈಲಿ ಕರೆಸಿಕೊಂಡು ದೋಸೆ ತಿನ್ನಿಸೋದಾ? ಅದೂ ಇಲ್ಲಿನ ಬೆಲೆಗೆ? ಚಟ್ನಿ ಎರಡನೇ ಸಲ ಕೇಳಿದರೆ ಅದಕ್ಕೂ ಬಿಲ್ಲು.

ನನ್ನ ಓಟು ಲೇಕ್ ಡಿಸ್ಟ್ರಿಕ್ಟ್‌ಗೆ. ಲ್ಯಾಂಗ್‌ಡೇಲ್ ಕಣಿವೆಯ ತುದಿಯಲ್ಲಿ ಓಲ್ಡ್ ಡಂಜನ್ ಗಿಲ್ ಅಂತ ಒಂದು ಹಳೇ ಹೋಟೆಲು ಇದೆ. ಅದರ ಹೈಕರ್ಸ್ ಬಾರ್ ಮೊದಲು ದನದ ಕೊಟ್ಟಿಗೆಯಾಗಿತ್ತು. ಹಸು ಕಟ್ಟುತ್ತಿದ್ದ ಗೂಡುಗಳು ಇನ್ನೂ ಹಾಗೇ ಇವೆ. ಈಗ ಅದರಲ್ಲಿ ಬೆಂಚು ಹಾಕಿದ್ದಾರೆ. ಗುಡ್ಡ ಹತ್ತಿ ಇಳಿದವರು ಕೆಸರು ಬೂಟಿನಲ್ಲೇ ಬಂದು ಆ ಗೂಡುಗಳಲ್ಲಿ ಕೂರುತ್ತಾರೆ. ಯಾರೂ ಮುಖ ಸಿಂಡರಿಸಲ್ಲ. ತೀರ್ಥಹಳ್ಳಿಯಿಂದ ಬಂದ ನಮ್ಮಜ್ಜಿ ಅಲ್ಲಿ ಕೂತು, ಗೋಡೆ ಮುಟ್ಟಿ ನೋಡಿ, "ಎಮ್ಮೆ ಕಟ್ಟಕ್ಕೆ ಗೂಡು ಸಣ್ಣದಾಯ್ತು" ಅಂದರು.

ಇನ್ನೊಂದು, ಇನ್ನೂ ಉತ್ತರಕ್ಕೆ, ಹೆಸ್ಕೆಟ್ ನ್ಯೂಮಾರ್ಕೆಟ್ ಅನ್ನೋ ಪುಟ್ಟ ಹಳ್ಳಿಯ ಓಲ್ಡ್ ಕ್ರೌನ್. ಪಬ್ಬು ಯಾರ ಯಾರದೋ ಕೈ ಸೇರುತ್ತದೆ ಅಂತ ಹೆದರಿ 2003ರಲ್ಲಿ ಊರಿನವರೇ ಷೇರು ಹಾಕಿ ಕೊಂಡುಕೊಂಡರು. ಬ್ರಿಟನ್ನಿನಲ್ಲಿ ಹೀಗೆ ಸಹಕಾರಿ ಸಂಘ ಮಾಡಿಕೊಂಡು ಪಬ್ ಉಳಿಸಿಕೊಂಡವರಲ್ಲಿ ಇವರೇ ಮೊದಲಿಗರು. ನಿಮ್ಮಪ್ಪನಿಗೆ "ಊರಿನ ಹಾಲಿನ ಡೈರಿ ಇದ್ದಂಗೆ, ಹಾಲಿನ ಬದಲು ಬಿಯರ್" ಅಂತ ಹೇಳಿ, ತಕ್ಷಣ ಅರ್ಥವಾಗುತ್ತದೆ.

ಜವಾರಿ ಮಂದಿ (ಲೀಡ್ಸ್)

ಲೇಕ್ ಡಿಸ್ಟ್ರಿಕ್ಟ್ ಭಾಳ ಚಲೋ, ಆದರೆ ಕಾರ್ ನಿಲ್ಲಿಸೋಕೆ ಜಾಗ ಹುಡುಕುವಷ್ಟರಲ್ಲಿ ಅಡುಗೆಮನೆ ಬಾಗಿಲು ಹಾಕಿರುತ್ತಾರೆ.

ಯಾರ್ಕ್‌ಷೈರಿಗೆ ಬರ್ರಿ. ಟ್ಯಾನ್ ಹಿಲ್ ಇನ್. ಬ್ರಿಟನ್ನಿನಲ್ಲೇ ಎಲ್ಲಕ್ಕಿಂತ ಎತ್ತರದ ಪಬ್ಬು, 1,732 ಅಡಿ. ಸುತ್ತ ಕಣ್ಣು ಹಾಯುವಷ್ಟು ದೂರ ಬರೀ ಬಯಲು, ಕುರಿ, ಗಾಳಿ. ಒಂದು ಮನೆ ಕಾಣಲ್ಲ. 2021ರ ನವೆಂಬರ್‌ನಲ್ಲಿ ಆರ್ವೆನ್ ಬಿರುಗಾಳಿ ಬಂದಾಗ ಬಾಗಿಲು ಮುಚ್ಚುವಷ್ಟು ಹಿಮ ಬಿದ್ದು, ಅವತ್ತು ಹಾಡು ಕೇಳೋಕೆ ಬಂದಿದ್ದ 60ಕ್ಕೂ ಜಾಸ್ತಿ ಮಂದಿ ಮೂರು ರಾತ್ರಿ ಒಳಗೇ ಉಳಿದರು. ಓಯಸಿಸ್ ಬ್ಯಾಂಡಿನ ಹಾಡುಗಳನ್ನು ಹಾಡುವ ಒಂದು ವಾದ್ಯವೃಂದವೂ ಅವರ ಜೊತೆ ಸಿಕ್ಕಿಹಾಕಿಕೊಂಡಿತ್ತು. ನಾನು ಹೋದಾಗ ಜುಲೈ ತಿಂಗಳು. ಆಗಲೂ ಬೆಂಕಿ ಹಚ್ಚಿದ್ದರು. ನಾವು ಆ ಬೆಂಕಿ ಬಿಟ್ಟು ಏಳಲಿಲ್ಲ ಅನ್ನೋದು ಬೇರೆ ಮಾತು.

ಒಂದು ಎಚ್ಚರಿಕೆ ರೀ. ನಮ್ಮ ಕಡೆ ಚಿಪ್ಸ್ ಕರಿಯೋದು ಎಷ್ಟೋ ಕಡೆ ದನದ ಕೊಬ್ಬಿನಲ್ಲಿ. ಬರೀ ಆಲೂಗಡ್ಡೆ ಅಲ್ವಾ ಅಂತ ಅಮ್ಮನಿಗೆ ಕೊಡಿಸಬೇಡಿ. ಕೇಳಿ. ಕೇಳಿದರೆ ಖಂಡಿತ ಹೇಳುತ್ತಾರೆ. ಅದು ಅವರಿಗೆ ಹೆಮ್ಮೆಯ ವಿಷಯ.

ಒಗ್ಗರಣೆ (ಹ್ಯಾರೋ)

ಹೆಮ್ಮೆಯಂತೆ! ಇದಕ್ಕೇ ನಾನು ಹೇಳಿದ್ದು. ನಮ್ಮತ್ತೆಯನ್ನು ಒಂದು ಭಾನುವಾರ ಹೀಗೇ ಪಬ್‌ಗೆ ಕರೆದುಕೊಂಡು ಹೋಗಿದ್ದೆ. ಯಾವುದು ಅಂತ ಹೇಳಲ್ಲ, ಈಗ ಆ ಓನರ್ ಕೂಡ ಇಲ್ಲ. ತರಕಾರಿ ರೋಸ್ಟ್ ಅಂತ ತಂದಿಟ್ಟರು. ಕ್ಯಾರೆಟ್, ಬಟಾಣಿ, ಹುರಿದ ಆಲೂಗಡ್ಡೆ, ಮೇಲೆ ಬಟ್ಟಲಿನ ಹಾಗೆ ಉಬ್ಬಿದ ಯಾರ್ಕ್‌ಷೈರ್ ಪುಡ್ಡಿಂಗ್. ಅತ್ತೆ ಅದನ್ನು ಪೂರಿ ಅಂದುಕೊಂಡು ಮುರಿದು ಬಾಯಿಗಿಟ್ಟರು. ಅದರಲ್ಲಿ ಮೊಟ್ಟೆ ಇರುತ್ತದೆ ಅಂತ ನನಗೂ ಆಗ ಗೊತ್ತಿರಲಿಲ್ಲ. ಆಲೂಗಡ್ಡೆ ಹುರಿದಿದ್ದು ಬಾತುಕೋಳಿ ಕೊಬ್ಬಿನಲ್ಲಿ. ಗ್ರೇವಿ ಅಂತೂ ಕೇಳಲೇಬೇಡಿ. ಮನೆಗೆ ಬಂದು ಅತ್ತೆ ಎರಡು ಸಲ ಸ್ನಾನ ಮಾಡಿದರು. ವಾರ ಪೂರ್ತಿ ನನ್ನ ಜೊತೆ ಮಾತಾಡಲಿಲ್ಲ.

ಬಿಯರಿನ ಕಥೆಯೂ ಅಷ್ಟೇ. ಪೀಪಾಯಿಯ ಬಿಯರ್ ತಿಳಿಯಾಗಲಿ ಅಂತ ಮೀನಿನ ಗಾಳಿಚೀಲದಿಂದ ಮಾಡಿದ ಅಂಟು ಹಾಕುತ್ತಾರೆ. ಐಸಿಂಗ್ಲಾಸ್ ಅಂತ ಅದರ ಹೆಸರು. ಈಗ ಬಿಡುತ್ತಿರುವವರು ಇದ್ದಾರೆ, ಗಿನ್ನೆಸ್‌ನವರು ಬಿಟ್ಟೇ ಬಿಟ್ಟರು, ಆದರೂ ಎಲ್ಲರೂ ಬಿಟ್ಟಿಲ್ಲ. ಮೇಷ್ಟ್ರು ಕುಡಿಯಲ್ಲ ಅಂದಿದ್ದೀರಿ, ಒಳ್ಳೇದಾಯಿತು.

ಅರ್ಧ ಪೈಂಟ್ ಡಾಕ್ಟರ್ (ಪ್ರೆಸ್ಟನ್)

ನಾನು ಈ ದೇಶಕ್ಕೆ ಬಂದಿದ್ದು 1974ರಲ್ಲಿ. ದಾವಣಗೆರೆಯಲ್ಲಿ ಓದಿ, ಲ್ಯಾಂಕಾಷೈರಿನ ಒಂದು ಆಸ್ಪತ್ರೆಗೆ ಸೇರಿದೆ. ಸಸ್ಯಾಹಾರಿ. ಆ ಕಾಲದಲ್ಲಿ ಪಬ್ಬಿನಲ್ಲಿ ಸಸ್ಯಾಹಾರಿ ಅಂದರೆ ಉಪ್ಪಿನ ಪೊಟ್ಟಣದ ಆಲೂಗಡ್ಡೆ ಕ್ರಿಸ್ಪ್ಸ್, ಹುರಿದ ಶೇಂಗಾ. ಅಷ್ಟೇ. ಆದರೂ ವಾರಕ್ಕೊಂದು ಸಲ ಹೋಗುತ್ತಿದ್ದೆ. ನನ್ನ ರೋಗಿಗಳು ಆಸ್ಪತ್ರೆಯಲ್ಲಿ ಹೇಳದೇ ಇದ್ದದ್ದನ್ನೆಲ್ಲ ಅಲ್ಲಿ ಹೇಳುತ್ತಿದ್ದರು. ಬಿಯರಿಗೆ ನಿಂಬೆ ಪಾನಕ ಬೆರೆಸಿದ ಶ್ಯಾಂಡಿ ಅರ್ಧ ಪೈಂಟ್ ಹಿಡಿದು ರಾತ್ರಿಯೆಲ್ಲ ಕೂತರೂ ಪಬ್ ನಡೆಸುವ ಲ್ಯಾಂಡ್‌ಲಾರ್ಡ್ ಒಂದು ಮಾತು ಅನ್ನುತ್ತಿರಲಿಲ್ಲ.

ರಾತ್ರಿಯೆಲ್ಲ ಅನ್ನೋದು ಸುಮ್ನೆ ಮಾತಿಗೆ. ಆಗ ಮಧ್ಯಾಹ್ನ ಮೂರಕ್ಕೆ ಬಾಗಿಲು ಹಾಕಿ ಸಂಜೆ ಮತ್ತೆ ತೆಗೆಯಬೇಕಿತ್ತು. ಮೊದಲ ಮಹಾಯುದ್ಧದಲ್ಲಿ, ಮದ್ದುಗುಂಡು ಕಾರ್ಖಾನೆಯ ಕೆಲಸಗಾರರು ಕುಡಿದು ಮಲಗಬಾರದು ಅಂತ ತಂದ ನಿಯಮ. ಯುದ್ಧ ಮುಗಿದರೂ ನಿಯಮ ಉಳಿಯಿತು. 1988ರಲ್ಲಿ ಕಾನೂನು ಬದಲಾದ ಮೇಲೆ ಮಧ್ಯಾಹ್ನವೂ ತೆರೆದಿಡುವಂತಾಯಿತು. ಹಾಗೇ ಹೊಗೆ. 2007ರ ಜುಲೈವರೆಗೆ ಒಳಗೆ ಸಿಗರೇಟು ಸೇದಬಹುದಿತ್ತು. ನಾನು ಮನೆಗೆ ಬಂದರೆ ನಮ್ಮ ಮನೆಯವರು ಸ್ವೆಟರನ್ನು ಬಾಗಿಲಲ್ಲೇ ಕಳಚಿಸುತ್ತಿದ್ದರು. ಹಳೇ ಪಬ್ಬೇ ಚೆನ್ನಾಗಿತ್ತು ಅನ್ನುವವರು ಈ ಹೊಗೆಯನ್ನು ಮರೆತಿರುತ್ತಾರೆ.

ತೆಂಗಿನಗರಿಯವರೇ, ತಾಯಿಯವರಿಗೆ ಒಂದು ತಿಂಡಿ ಹೇಳುತ್ತೇನೆ. ನಮ್ಮ ಪ್ರೆಸ್ಟನ್ ಕಡೆಯ ಬಟರ್ ಪೈ. ಆಲೂಗಡ್ಡೆ, ಈರುಳ್ಳಿ, ಬೆಣ್ಣೆ, ಕರಿಮೆಣಸು. ಮಾಂಸವಿಲ್ಲ. ಇಲ್ಲಿನ ಕ್ಯಾಥೊಲಿಕರು ಶುಕ್ರವಾರ ಮಾಂಸ ತಿನ್ನುತ್ತಿರಲಿಲ್ಲ, ಅವರಿಗಾಗಿ ಹುಟ್ಟಿದ ಪೈ ಇದು. ಶುಕ್ರವಾರದ ಪೈ ಅಂತಲೂ ಕರೆಯುತ್ತಾರೆ. ಹೊರಗಿನ ಹಿಟ್ಟಿಗೆ ಮೊಟ್ಟೆ ಸವರಿದ್ದಾರಾ, ಹಂದಿ ಕೊಬ್ಬು ಹಾಕಿದ್ದಾರಾ ಅಂತ ಮಾತ್ರ ಕೇಳಿಕೊಳ್ಳಿ. ಈ ದೇಶದಲ್ಲೂ ವ್ರತ ಹಿಡಿಯುವವರಿದ್ದರು ಅಂತ ಗೊತ್ತಾದರೆ ತಾಯಿಯವರು ಕಾರಿನಿಂದ ಇಳಿದರೂ ಇಳಿಯಬಹುದು.

ಕುಡ್ಲದ ಬಂಗುಡೆ (ಕ್ಯಾಂಟರ್‌ಬರಿ)

ಸಸ್ಯಾಹಾರಿಗಳ ನಡುವೆ ನಾನೊಬ್ಬ ಮೀನಿನವನು, ಕ್ಷಮಿಸಿ ಮಾರಾಯ್ರೆ. ಕೆಂಟ್‌ನ ಸೀಸಾಲ್ಟರ್‌ನಲ್ಲಿ ದಿ ಸ್ಪೋರ್ಟ್ಸ್‌ಮನ್ ಇದೆ. ಹೊರಗಿಂದ ನೋಡಿದರೆ ಪಾಳುಬಿದ್ದ ಮನೆಯ ಹಾಗೆ. ಸಮುದ್ರದ ಕಟ್ಟೆ ಪಕ್ಕ, ಸುತ್ತ ಜೌಗು. ಒಳ್ಳೆಯ ಅಡುಗೆಗೆ ಕೊಡುವ ಮಿಷಲಿನ್ ಸ್ಟಾರ್ 2008ರಲ್ಲಿ ಬಂತು. ಉಪ್ಪನ್ನು ಅಲ್ಲೇ ಸಮುದ್ರದ ನೀರು ಕಾಯಿಸಿ ತೆಗೆಯುತ್ತಾರೆ. ಬೆಣ್ಣೆಯನ್ನೂ ಅವರೇ ಕಡೆಯುತ್ತಾರೆ. ಸಣ್ಣ ನಂಗ್ ಮೀನನ್ನು ಕಡಲಪಾಚಿ ಹಾಕಿದ ಬೆಣ್ಣೆಯಲ್ಲಿ ಸುಟ್ಟು ಕೊಡುತ್ತಾರೆ. ಬೇರೇನೂ ಮಸಾಲೆ ಇಲ್ಲ. ಮೊದಲ ಸಲ ನಾನು ಮನಸ್ಸಲ್ಲೇ ಒಂದಿಷ್ಟು ಮೆಣಸಿನ ಪುಡಿ ಉದುರಿಸಿಕೊಂಡೆ. ಎರಡನೇ ತುತ್ತಿಗೆ ಸುಮ್ಮನಾದೆ.

ಮಸಾಲೆ ಬೇಕೇಬೇಕು ಅಂದರೆ ಲಂಡನ್ನಿನ ಕ್ವಿಲಾನ್. ಅಲ್ಲಿನ ಬಾಣಸಿಗ ಶ್ರೀರಾಮ್ ಐಲೂರ್ ಮೊದಲು ನಮ್ಮ ಬೆಂಗಳೂರಿನ ಕರಾವಳಿ ರೆಸ್ಟೋರೆಂಟ್‌ನಲ್ಲಿದ್ದವರು. ಅದಕ್ಕೂ 2008ರಲ್ಲೇ ಸ್ಟಾರ್ ಸಿಕ್ಕಿತು. ಜೇಬು ಮಾತ್ರ ಗಟ್ಟಿ ಇರಬೇಕು.

ಊರಿನಲ್ಲಿ ಯಾರಾದರೂ ಹಳ್ಳಿ ಪಬ್ ಅಂದರೆ ಏನು ಅಂತ ಕೇಳಿದರೆ ನಾನು ಮೊದಲು ಗಡಂಗು ಅನ್ನುತ್ತಿದ್ದೆ. ಈಗ ಅನ್ನಲ್ಲ. ಗಡಂಗಿಗೆ ನನ್ನ ಅಜ್ಜಿ ಹೆಣೆಯಲು ಉಲ್ಲನ್ ತೆಗೆದುಕೊಂಡು ಹೋಗುತ್ತಿರಲಿಲ್ಲ. ಇಲ್ಲಿ ಅಜ್ಜಿಯಂದಿರು ಹೋಗುತ್ತಾರೆ. ನಾಯಿಯೂ ಹೋಗುತ್ತದೆ.

ಬ್ಲ್ಯಾಕ್ ಕಂಟ್ರಿ ಗೌಡ (ಡಡ್ಲಿ)

ಎಲ್ಲರೂ ಹಸಿರು ಗುಡ್ಡ, ಹೂಬಳ್ಳಿ ಅಂತಲೇ ಹೇಳುತ್ತಿದ್ದೀರಿ. ನಮ್ಮ ಕಡೆಗೂ ಬನ್ನಿ. ಹಳ್ಳಿ ಅಲ್ಲ, ನಿಜ. ಆದರೆ ಸ್ಮೆದಿಕ್, ವೆಸ್ಟ್ ಬ್ರಾಮಿಚ್ ಸುತ್ತಮುತ್ತ ದೇಸಿ ಪಬ್ ಅಂತ ಇವೆ. ಒಳಗೆ ನೋಡಿದರೆ ಅಪ್ಪಟ ಇಂಗ್ಲಿಷ್ ಪಬ್ಬೇ. ಅಡುಗೆಮನೆ ಮಾತ್ರ ಪಂಜಾಬಿ. ಕಬ್ಬಿಣದ ತಟ್ಟೆ ಮೇಲೆ ಚುರ್ ಅನ್ನುತ್ತಾ ಮಿಕ್ಸ್‌ಡ್ ಗ್ರಿಲ್ ಬರುತ್ತದೆ. ಪನೀರ್, ದಾಲ್, ನಾನ್ ಎಲ್ಲ ಸಿಗುತ್ತದೆ, ಅಮ್ಮನಿಗೆ ತೊಂದರೆಯಿಲ್ಲ. ವೆಸ್ಟ್ ಬ್ರಾಮಿಚ್‌ನ ರೆಡ್ ಲಯನ್‌ನಲ್ಲಿ ಇಲ್ಲಿಗೆ ಬಂದು ನೆಲೆಸಿದ ಭಾರತೀಯರ ಕಥೆಯನ್ನು ಬಣ್ಣದ ಗಾಜಿನ ಕಿಟಕಿಯಲ್ಲಿ ಬಿಡಿಸಿದ್ದಾರೆ. ಚರ್ಚಿನ ಕಿಟಕಿ ಹಾಗೆ.

ಮೇಷ್ಟ್ರಿಗೆ ಇದನ್ನೂ ಹೇಳಿ. 1960ರ ದಶಕದಲ್ಲಿ ಇದೇ ಊರುಗಳಲ್ಲಿ ಎಷ್ಟೋ ಪಬ್‌ಗಳು ಕಪ್ಪು, ಕಂದು ಬಣ್ಣದವರನ್ನು ಒಳಗೆ ಬಿಡುತ್ತಿರಲಿಲ್ಲ. ಬಿಟ್ಟರೂ ಒಳ್ಳೆಯ ಕೋಣೆಯಲ್ಲಿ ಕೂರಿಸುತ್ತಿರಲಿಲ್ಲ. 1965ರ ಫೆಬ್ರವರಿ 12ರಂದು ಅಮೆರಿಕದ ಕಪ್ಪುಜನರ ಹೋರಾಟಗಾರ ಮಾಲ್ಕಮ್ ಎಕ್ಸ್ ಸ್ಮೆದಿಕ್‌ಗೆ ಬಂದಿದ್ದರು. ಅವರಿಗೂ ಪಬ್ಬಿನಲ್ಲಿ ಹಾಗೇ ಆಯಿತು. ಒಂಬತ್ತು ದಿನ ಆದಮೇಲೆ ನ್ಯೂಯಾರ್ಕಿನಲ್ಲಿ ಅವರ ಕೊಲೆಯಾಯಿತು. ಅದೇ ವರ್ಷ ಜನಾಂಗ ಭೇದದ ವಿರುದ್ಧ ಇಲ್ಲಿ ಮೊದಲ ಕಾನೂನು ಬಂತು. ಇವತ್ತು ಅದೇ ಕೌಂಟರುಗಳ ಹಿಂದೆ ಸರ್ದಾರ್ಜಿಗಳು ನಿಂತಿದ್ದಾರೆ. ಸಾಗರ್‌ನ ದೋಸೆ ಎಷ್ಟೇ ಚೆನ್ನಾಗಿರಲಿ, ಅಲ್ಲಿ ಈ ಕಥೆ ಸಿಗಲ್ಲ.

ನಮ್ಮ ಡಡ್ಲಿ ಪಕ್ಕದ ಕ್ರುಕೆಡ್ ಹೌಸ್ ಪಬ್ ಇದ್ದಿದ್ದರೆ ಅದನ್ನೂ ಹೇಳುತ್ತಿದ್ದೆ. ಕೆಳಗೆ ಕಲ್ಲಿದ್ದಲು ಅಗೆದು ಅಗೆದು ಕಟ್ಟಡವೇ ಓರೆಯಾಗಿ ಕುಸಿದಿತ್ತು. ಒಳಗೆ ಗೋಲಿ ಬಿಟ್ಟರೆ ಮೇಲಕ್ಕೆ ಉರುಳಿದಂತೆ ಕಾಣುತ್ತಿತ್ತು. 2023ರ ಆಗಸ್ಟ್‌ನಲ್ಲಿ, ಮಾರಾಟವಾಗಿ ಸ್ವಲ್ಪ ದಿನಕ್ಕೇ ಬೆಂಕಿ ಬಿತ್ತು. ಎರಡೇ ದಿನದಲ್ಲಿ ನೆಲಸಮವಾಯಿತು. ನನ್ನ ಮಗಳು ಅಲ್ಲಿ ಗೋಲಿ ಉರುಳಿಸಿದ ವಿಡಿಯೊ ಇನ್ನೂ ನನ್ನ ಹತ್ತಿರ ಇದೆ.

ದಾರಿಹೋಕ (ಪೂಲ್)

ತಿನ್ನೋಕೆ ಆಯ್ಕೆ ಕಡಿಮೆ ಇದ್ದಷ್ಟೂ ಪಬ್ ಒಳ್ಳೆಯದು ಅನ್ನೋದು ನನ್ನ ಲೆಕ್ಕ. ಡಾರ್ಸೆಟ್‌ನ ವರ್ತ್ ಮ್ಯಾಟ್ರವರ್ಸ್‌ನಲ್ಲಿ ಸ್ಕ್ವೇರ್ ಆಂಡ್ ಕಂಪಸ್. 1907ರಿಂದ ಒಂದೇ ಮನೆತನದ ಕೈಯಲ್ಲಿದೆ. ಬಾರ್ ಕೌಂಟರೇ ಇಲ್ಲ. ಗೋಡೆಯಲ್ಲೊಂದು ಕಿಂಡಿ, ಅಲ್ಲಿ ನಿಂತು ಕೇಳಬೇಕು. ತಿನ್ನೋಕೆ ಪೇಸ್ಟಿ, ಹೂರಣ ತುಂಬಿದ ಕಡುಬಿನಂಥದ್ದು. ಮಾಂಸದ್ದು ಬೇಕಾ, ತರಕಾರಿದು ಬೇಕಾ ಅಂತ ಕೇಳುತ್ತಾರೆ, ಮಾತು ಮುಗಿಯಿತು. ಪಕ್ಕದ ಕೋಣೆಯಲ್ಲಿ ಆ ಕಡಲತೀರದಲ್ಲಿ ಸಿಕ್ಕ ಪಳೆಯುಳಿಕೆಗಳನ್ನು ಜೋಡಿಸಿ ಸಣ್ಣ ಮ್ಯೂಸಿಯಂ ಮಾಡಿದ್ದಾರೆ. ಹೊರಗೆ ಕಲ್ಲುಚಪ್ಪಡಿಗಳ ಮೇಲೆ ಕೂತರೆ ಎದುರಿಗೆ ಸಮುದ್ರ. ಕೋಳಿಗಳು ಕಾಲಡಿ ಓಡಾಡುತ್ತಿರುತ್ತವೆ. ಅಮ್ಮ ಒಳಗೆ ಬರಲ್ಲ ಅಂದರೂ ಪರವಾಗಿಲ್ಲ. ಇಲ್ಲಿ ಹೊರಗೆ ಕೂರೋದೇ ಚೆಂದ.

ಪೇಸ್ಟಿ ಹೊಳೆಯಲಿ ಅಂತ ಮೇಲೆ ಮೊಟ್ಟೆ ಸವರುವವರು ಜಾಸ್ತಿ. ಡಾಕ್ಟ್ರು ಹೇಳಿದ ಹಾಗೆ ಅದನ್ನು ಕೇಳಿಕೊಂಡೇ ಕೊಡಿಸಿ.

ಬೆಣ್ಣೆ ದೋಸೆ (ಡಿಡ್‌ಕಾಟ್)

ತೆಂಗಿನಗರಿ ತಮ್ಮ, ನಾನು ಹದಿನೈದು ವರ್ಷದಿಂದ ಅಪ್ಪ, ಅಮ್ಮ, ಅತ್ತೆ, ಮಾವ, ಚಿಕ್ಕಮ್ಮ ಎಲ್ಲರನ್ನೂ ಸುತ್ತಿಸಿದವಳು. ಪೆಟ್ಟು ತಿಂದು ಕಲಿತದ್ದನ್ನು ಹೇಳುತ್ತೇನೆ.

ಭಾನುವಾರ ಬೇಡ. ಭಾನುವಾರ ಎಲ್ಲ ಕಡೆ ಮಾಂಸದ ರೋಸ್ಟು, ಆ ವಾಸನೆಗೇ ಅಮ್ಮ ವಾಪಸ್ ತಿರುಗುತ್ತಾರೆ. ವಾರದ ಮಧ್ಯೆ ಹೋಗು. ಅಡುಗೆಮನೆ ಮಧ್ಯಾಹ್ನ ಹನ್ನೆರಡರಿಂದ ಎರಡು, ಎರಡೂವರೆ ಅಷ್ಟೇ. ನಮ್ಮವರು ಮನೆಯಲ್ಲಿ ತಿಂಡಿ ತಿಂದು, ತಲೆ ಬಾಚಿ, ಹೊರಡೋದೇ ಒಂದು ಗಂಟೆಗೆ. ಹತ್ತು ನಿಮಿಷ ತಡವಾದರೂ "ಕಿಚನ್ ಕ್ಲೋಸ್ಡ್" ಅಂತ ನಗುನಗುತ್ತಾ ಹೇಳುತ್ತಾರೆ. ಎಷ್ಟು ಬೇಡಿಕೊಂಡರೂ ಒಲೆ ಹಚ್ಚಲ್ಲ. ಟೇಬಲ್ಲಿನಲ್ಲಿ ಕೂತು ಮಾಣಿ ಬರಲಿ ಅಂತ ಕಾಯಬೇಡ. ಹೆಚ್ಚಿನ ಕಡೆ ನೀನೇ ಕೌಂಟರಿಗೆ ಹೋಗಿ ಹೇಳಿ, ದುಡ್ಡು ಕೊಟ್ಟು ಬರಬೇಕು. ನಮ್ಮ ದರ್ಶಿನಿ ಹಾಗೇ, ಟೋಕನ್ ಒಂದಿಲ್ಲ.

ಇನ್ನು ಊಟದ ವಿಷಯ. ವೆಜಿಟೇರಿಯನ್ ಅನ್ನಬೇಡ, ವೀಗನ್ ಅನ್ನು. ವೆಜಿಟೇರಿಯನ್ ಅಂದರೆ ಇಲ್ಲಿ ಮೊಟ್ಟೆ ಸೇರಿಕೊಂಡೇ ಇರುತ್ತದೆ. ವೀಗನ್ ಅಂದರೆ ಮೊಟ್ಟೆ, ಕೊಬ್ಬು ಎಲ್ಲ ಹೋಯಿತು. ಆಮೇಲೆ ಬೆಣ್ಣೆ, ಚೀಸ್ ಬೇರೆ ಕೇಳಿ ಹಾಕಿಸಿಕೋ. ಮುಖ ಮುಖ ನೋಡುತ್ತಾರೆ, ನೋಡಲಿ. ಅಲರ್ಜಿ ಪಟ್ಟಿ ಕೇಳಿದರೆ ಎಲ್ಲ ಗೊತ್ತಾಗುತ್ತದೆ ಅಂತ ನಾನೂ ಅಂದುಕೊಂಡಿದ್ದೆ. ಕಾನೂನು ಪ್ರಕಾರ ಅದರಲ್ಲಿ 14 ಪದಾರ್ಥ ಇರಬೇಕು. ಮೊಟ್ಟೆ ಇದೆ, ಹಾಲಿದೆ, ಮೀನಿದೆ. ಮಾಂಸ, ಕೊಬ್ಬು, ಜೆಲಟಿನ್ ಇಲ್ಲ, ಯಾಕೆಂದರೆ ಅವು ಆ ಪಟ್ಟಿಯ ಅಲರ್ಜಿಗಳಲ್ಲ. ಆದ್ದರಿಂದ ಪಟ್ಟಿ ನೋಡಿ ಸುಮ್ಮನಾಗಬೇಡ, ಬಾಯಿಬಿಟ್ಟು ಕೇಳು.

ಏನೂ ಸರಿಹೋಗಲಿಲ್ಲ ಅಂದರೆ ಪ್ಲೌಮನ್ಸ್ ಲಂಚ್. ಬ್ರೆಡ್ಡು, ಚೀಸು, ಉಪ್ಪಿನಕಾಯಿ, ಈರುಳ್ಳಿ. ಹ್ಯಾಮ್ ಬೇಡ ಅಂತ ಹೇಳಿದರೆ ಸಾಕು. ಹೆಸರು ಕೇಳಿ ಅನಾದಿ ಕಾಲದ ನೇಗಿಲಯೋಗಿಯ ಬುತ್ತಿ ಅಂದುಕೊಳ್ಳಬೇಡ. ರೈತರು ಬ್ರೆಡ್ಡು ಚೀಸು ತಿನ್ನುತ್ತಿದ್ದದ್ದು ನಿಜ. ಈ ಹೆಸರನ್ನು ಊರೆಲ್ಲ ಹಬ್ಬಿಸಿದ್ದು 1950, 60ರ ದಶಕದಲ್ಲಿ ಚೀಸ್ ಮಾರುವವರು.

ಜಾಗ ಹೇಳುತ್ತೇನೆ. ಏಪ್ರಿಲ್ ಕೊನೆಯಿಂದ ಜೂನ್ ನಡುವೆ ಬಂದರೆ ವುಸ್ಟರ್‌ಷೈರಿನ ಬ್ರೆಟ್‌ಫರ್ಟನ್‌ನ ಫ್ಲೀಸ್ ಇನ್. ಆ ಸೀಮೆ ಶತಾವರಿ ದಂಟಿಗೆ ಹೆಸರುವಾಸಿ. ಒಂದೇ ವಂಶದವರ ತೋಟದಮನೆಯಾಗಿದ್ದು, ಪಬ್ಬಾಗಿ, ಆ ವಂಶದ ಕೊನೆಯ ಹೆಣ್ಣುಮಗಳು 1977ರಲ್ಲಿ ತೀರಿಕೊಂಡಾಗ, ಹಳೇ ಕಟ್ಟಡಗಳನ್ನು ಕಾಪಾಡುವ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ಗೆ ಬರೆದುಕೊಟ್ಟು ಹೋದರು. ಬೆಂಕಿಗೂಡಿನ ಮುಂದೆ ನೆಲದ ಮೇಲೆ ಬಿಳಿ ವೃತ್ತ ಬರೆದಿರುತ್ತಾರೆ. ಹೊಗೆಗೂಡಿನಿಂದ ಮಾಟಗಾತಿ ಇಳಿಯಬಾರದು ಅಂತ. ನಮ್ಮತ್ತೆ ಅದನ್ನು ನೋಡಿ "ರಂಗೋಲಿ ಪೂರ್ತಿ ಮಾಡಿಲ್ಲ" ಅಂದರು.

ಆದರೆ ನೀನು ರೀಡಿಂಗ್‌ನಲ್ಲಿ ಇರೋದು. ಮೊದಲು ಆಲ್ಡ್‌ವರ್ತ್‌ನ ದಿ ಬೆಲ್‌ಗೆ ಹೋಗು. ಇನ್ನೂರೈವತ್ತು ವರ್ಷದಿಂದ ಒಂದೇ ಮನೆಯವರು ನಡೆಸುತ್ತಿದ್ದಾರೆ. ತಿನ್ನೋಕೆ ಬಿಸಿ ಬನ್ನು, ಒಳಗೆ ಏನು ಬೇಕೋ ಅದು. ಅಮ್ಮನಿಗೆ ಚೀಸ್ ಹಾಕಿಸಿದರಾಯಿತು. ಮೊಬೈಲ್ ಎತ್ತುವಂತಿಲ್ಲ.

ತೆಂಗಿನಗರಿ (ರೀಡಿಂಗ್)

ಅಬ್ಬಾ, ಇಷ್ಟೊಂದು! ಎಲ್ಲರಿಗೂ ಥ್ಯಾಂಕ್ಸ್. ಅಕ್ಕ, ಬೆಲ್ ಮನೆಯಿಂದ ಅರ್ಧ ಗಂಟೆ ದಾರಿ, ಇಷ್ಟು ವರ್ಷ ಹೆಸರೂ ಕೇಳಿರಲಿಲ್ಲ. ಆಫೀಸಿನಲ್ಲಿ ಒಬ್ಬರು ಮಾರ್ಲೋನ ಹ್ಯಾಂಡ್ ಆಂಡ್ ಫ್ಲವರ್ಸ್‌ಗೆ ಕರೆದುಕೊಂಡು ಹೋಗಿ ಅನ್ನುತ್ತಿದ್ದಾರೆ. ಎರಡು ಮಿಷಲಿನ್ ಸ್ಟಾರ್ ಪಡೆದ ಮೊದಲ ಪಬ್ಬಂತೆ. ಅದು ಹೇಗೆ?

ಕುಡ್ಲದ ಬಂಗುಡೆ (ಕ್ಯಾಂಟರ್‌ಬರಿ)

ಹೆಂಡತಿಯ ಹುಟ್ಟುಹಬ್ಬಕ್ಕೆ ಹೋಗಿ. ಮೇಷ್ಟ್ರನ್ನು ಕರೆದುಕೊಂಡು ಹೋಗಿ ಬಿಲ್ಲನ್ನು ರೂಪಾಯಿಗೆ ಬದಲಿಸಿ ಹೇಳಿದರೆ ಅವತ್ತು ರಾತ್ರಿಯೇ ವಿಮಾನ ಹತ್ತಿಬಿಡುತ್ತಾರೆ.

ಜವಾರಿ ಮಂದಿ (ಲೀಡ್ಸ್)

ಮೇಜಿನ ಮೇಲೆ ಹೆಸರಿನ ಚೀಟಿ ಇಟ್ಟು, ತಿಂಗಳು ಮೊದಲೇ ಬುಕ್ ಮಾಡಿಸಿಕೊಂಡರೆ ಅದು ರೆಸ್ಟೋರೆಂಟು. ಪಬ್ಬಂದರೆ ಮಳೆ ಬಂತು ಅಂತ ನುಗ್ಗೋ ಹಾಗಿರಬೇಕು.

ಕುಡ್ಲದ ಬಂಗುಡೆ (ಕ್ಯಾಂಟರ್‌ಬರಿ)

ನಾನು ಹೇಳಿದ ಸ್ಪೋರ್ಟ್ಸ್‌ಮನ್‌ಗೂ ಬುಕ್ ಮಾಡಲೇಬೇಕು. ಹಾಗಾದರೆ ಅದು ಪಬ್ಬಲ್ವಾ? ಊಟ ಚೆನ್ನಾಗಿದ್ದರೆ ಜನ ಬರುತ್ತಾರೆ, ಜನ ಬಂದರೆ ಬುಕ್ ಮಾಡಬೇಕಾಗುತ್ತದೆ. ಇದರಲ್ಲಿ ಅಡುಗೆಯವನ ತಪ್ಪೇನು?

ಅರ್ಧ ಪೈಂಟ್ ಡಾಕ್ಟರ್ (ಪ್ರೆಸ್ಟನ್)

ಈ ಜಗಳ ಇಂಗ್ಲಿಷರೇ ಬಗೆಹರಿಸಿಕೊಂಡಿಲ್ಲ. ನೀವು ಬಿಡಿ. ತೆಂಗಿನಗರಿಯವರೇ, ತಂದೆಯವರಿಗೆ ದಾರಿಯಲ್ಲಿ ಪಬ್ಬಿನ ಬೋರ್ಡುಗಳನ್ನು ಓದಲು ಹೇಳಿ. ರಾಯಲ್ ಓಕ್ ಅಂತ ಕಂಡಲ್ಲೆಲ್ಲ ಅದು 1651ರಲ್ಲಿ ವುಸ್ಟರ್ ಯುದ್ಧ ಸೋತು ಓಕ್ ಮರದಲ್ಲಿ ಬಚ್ಚಿಟ್ಟುಕೊಂಡ ಎರಡನೇ ಚಾರ್ಲ್ಸ್‌ನ ನೆನಪು. ಪಾಠ ಮಾಡಿದವರಿಗೆ ಖುಷಿಯಾಗುತ್ತದೆ. ಮತ್ತೆ, ಕಾರು ಓಡಿಸುವವರು ನೀವು. ಹಳ್ಳಿದಾರಿ, ಒಂದೇ ಗಾಡಿ ಹೋಗುವಷ್ಟು ಅಗಲ. ನೀವೂ ನಿಂಬೆ ಪಾನಕವನ್ನೇ ಕುಡಿಯಿರಿ.

ತೆಂಗಿನಗರಿ (ರೀಡಿಂಗ್)

ಆರು ವಾರ ಆದಮೇಲೆ ಬರೆಯುತ್ತಿದ್ದೇನೆ. ಹೋಗಿಬಂದೆವು. ಎರಡು ಸಲ ಹೋಗಬೇಕಾಯಿತು, ತಪ್ಪು ನನ್ನದೇ. ಮೊದಲ ಸಲ ರಜೆ ಹಾಕಿ ಸೋಮವಾರ ಹೊರಟೆ. ಸೋಮವಾರ ಬೆಲ್ ಬಾಗಿಲು ತೆಗೆಯಲ್ಲ. ಅಪ್ಪ ಬೇಜಾರು ಮಾಡಿಕೊಳ್ಳಲಿಲ್ಲ. ಎದುರಿಗೆ ಒಂದು ಹಳೇ ಬಾವಿ ಇದೆ, ಮೇಲೆ ಮಾಡು ಹೊದಿಸಿದ್ದಾರೆ. ಸುಮಾರು 370 ಅಡಿ ಆಳವಂತೆ. ಸುಣ್ಣಕಲ್ಲಿನ ಗುಡ್ಡ, ನೀರು ಅಷ್ಟು ಕೆಳಗಿದೆ. ಅಪ್ಪ ಅರ್ಧ ಗಂಟೆ ಅದರ ಮುಂದೆ ನಿಂತರು. "ನಮ್ಮ ತೋಟದ ಬೋರು ಒಂಬೈನೂರು ಅಡಿಗೆ ಹೋಗಿದೆ, ಮಿಷಿನ್ನಿನಲ್ಲಿ. ಇದು ಕೈಯಲ್ಲಿ ಅಗೆದಿದ್ದು ಕಣೋ" ಅಂದರು. ಹತ್ತಿರದ ಸೇಂಟ್ ಮೇರಿ ಚರ್ಚಿನಲ್ಲಿ ಹದಿನಾಲ್ಕನೇ ಶತಮಾನದ ಕಲ್ಲಿನ ಯೋಧರು ಮಲಗಿದ್ದಾರೆ. ಒಟ್ಟು ಒಂಬತ್ತು ಪ್ರತಿಮೆ, ಎಲ್ಲ ಒಂದೇ ಮನೆತನದವರು, ಆಳಿಗಿಂತ ದೊಡ್ಡವು. ಮೂಗು, ಕೈಕಾಲು ಮುರಿದಿವೆ. ಅಪ್ಪ ಒಳಗೆ ಹೋದವರೇ "ಹಳೇಬೀಡು" ಅಂದರು, ಆಮೇಲೆ ಮಾತಾಡಲಿಲ್ಲ.

ಎರಡನೇ ಸಲ ಬುಧವಾರ, ಸರಿಯಾಗಿ ಹನ್ನೆರಡೂವರೆಗೆ. ಅಮ್ಮ ಕಾರಿನಲ್ಲೇ ಕೂತರು. ನಾವಿಬ್ಬರು ಒಳಗೆ ಹೋದೆವು. ಇಲ್ಲೂ ಕೌಂಟರಿಲ್ಲ, ಗಾಜಿನ ಬಾಗಿಲಿನ ಕಿಂಡಿ. ಅಪ್ಪ "ರೈಲ್ವೆ ಟಿಕೆಟ್ ಕೊಡೋ ಜಾಗ ಇದ್ದಂಗಿದೆ" ಅಂದರು. ಗೋಡೆ ಪಕ್ಕದ ಹಳೇ ಗಡಿಯಾರಕ್ಕೆ ಒಂದೇ ಮುಳ್ಳು. ಕೆಟ್ಟಿರಬೇಕು ಅಂದುಕೊಂಡೆವು. ಪಕ್ಕದಲ್ಲಿದ್ದ ಮುದುಕರೊಬ್ಬರು, ಅದು ಇರೋದೇ ಹಾಗೆ, ಗಂಟೆ ಮಾತ್ರ ತೋರಿಸುತ್ತದೆ ಅಂದರು. ಅಲ್ಲಿಂದ ಅವರಿಗೂ ಅಪ್ಪನಿಗೂ ಮಾತು ಶುರುವಾಯಿತು. ಅಪ್ಪನ ಇಂಗ್ಲಿಷ್ ಪುಸ್ತಕದ್ದು, ಅವರದು ಬರ್ಕ್‌ಷೈರಿನದು. ಅರ್ಧರ್ಧ ಅರ್ಥವಾಗದೇ ಮುಕ್ಕಾಲು ಗಂಟೆ ಮಾತಾಡಿದರು.

ಅಷ್ಟರಲ್ಲಿ ಅಮ್ಮನೇ ಬಾಗಿಲು ತಳ್ಳಿಕೊಂಡು ಬಂದರು. ಕಾರಿನಲ್ಲಿ ಚಳಿ ಅಂತೆ. ಬೆಂಕಿ ಪಕ್ಕ ಒಬ್ಬ ಹೆಂಗಸು ನಾಯಿ ಕಟ್ಟಿಕೊಂಡು ಕೂತಿದ್ದರು, ಜರುಗಿ ಜಾಗ ಕೊಟ್ಟರು. ಚೀಸ್ ಬನ್ನು ಬಂತು. ಅಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ವ್ಯಾನಿಟಿ ಬ್ಯಾಗಿನಿಂದ ಚಟ್ನಿಪುಡಿ ಡಬ್ಬಿ ತೆಗೆದು, ಬನ್ನು ಬಿಡಿಸಿ, ಎರಡು ಚಮಚ ಉದುರಿಸಿ ಮುಚ್ಚಿದರು. ಎರಡು ಬನ್ನು ತಿಂದರು! ಅಷ್ಟರಲ್ಲಿ ಬ್ಯಾಗಿನಲ್ಲಿದ್ದ ಫೋನು ಹೊಡೆದುಕೊಂಡಿತು. ತಿಪಟೂರಿನಿಂದ ಚಿಕ್ಕಮ್ಮ. ಅಮ್ಮ ಅಭ್ಯಾಸಬಲದಿಂದ "ಹಲೋ" ಅಂತ ಕೂಗಿದರು. ಇಡೀ ಪಬ್ಬು ತಿರುಗಿ ನೋಡಿತು. ಕಿಂಡಿಯಲ್ಲಿದ್ದವರು ಬೋರ್ಡಿನ ಕಡೆ ಬೆರಳು ತೋರಿಸಿದರು. ನಾನು ಫೋನು ಕಿತ್ತುಕೊಂಡು ಹೊರಗೆ ಓಡಿದೆ.

ವಾಪಸ್ ಬರುವಾಗ ಅಮ್ಮ ಹೇಳಿದ್ದು: "ಆ ಮುದುಕಪ್ಪ ನಾವು ಬಂದಾಗಿಂದ ಹೋಗೋವರೆಗೂ ಅದೇ ಒಂದು ಲೋಟ ಇಟ್ಕೊಂಡು ಕೂತಿದ್ದ. ಯಾರೂ ಏಳು ಅನ್ನಲಿಲ್ಲ. ನಮ್ಮಲ್ಲಾಗಿದ್ರೆ ಮೂರು ಸಲ ಟೇಬಲ್ ಒರೆಸಿರೋರು."

ಅಪ್ಪ ಈಗ ರಾಯಲ್ ಓಕ್ ಬೋರ್ಡುಗಳನ್ನು ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದಾರೆ. ನಾಲ್ಕಾಗಿದೆ.

ಒಗ್ಗರಣೆ (ಹ್ಯಾರೋ)

ಎರಡು ಬನ್ನಾ? ಸರಿ, ಸೋತೆ. ಆದರೆ ಚಟ್ನಿಪುಡಿ ಇಲ್ಲದೇ ತಿಂದಿದ್ದರೆ ಪೂರ್ತಿ ಸೋಲುತ್ತಿದ್ದೆ.

ಬೆಣ್ಣೆ ದೋಸೆ (ಡಿಡ್‌ಕಾಟ್)

ಮೊಬೈಲ್ ವಿಷಯ ನಾನು ಮೊದಲೇ ಹೇಳಿದ್ದೆನಲ್ಲೋ ತಮ್ಮ! ಅಮ್ಮನ ಬ್ಯಾಗು ನೋಡಬೇಕಿತ್ತು.

ಅರ್ಧ ಪೈಂಟ್ ಡಾಕ್ಟರ್ (ಪ್ರೆಸ್ಟನ್)

ತಾಯಿಯವರಿಗೆ ನಮಸ್ಕಾರ ತಿಳಿಸಿ. ಅವರು ಹೊರಡುವ ಮೊದಲು ನಮ್ಮಲ್ಲಿಗೆ ಕರೆದುಕೊಂಡು ಬನ್ನಿ. ಬಟರ್ ಪೈಯನ್ನು ನಮ್ಮ ಮನೆಯವರೇ ಮಾಡುತ್ತಾರೆ, ಮೊಟ್ಟೆ ಸವರಲ್ಲ. ಮನೆಯಿಂದ ಪಬ್‌ಗೆ ನಡೆದೇ ಹೋಗಬಹುದು, ದಾರಿಯಲ್ಲಿ ಒಂದು ರಾಯಲ್ ಓಕ್ ಕೂಡ ಇದೆ, ತಂದೆಯವರಿಗೆ ಐದಾಗುತ್ತದೆ. ಯಾವ ವಾರವಾದರೂ ಸರಿ, ಶುಕ್ರವಾರ ಬನ್ನಿ.